ದೊಡ್ಡ ಕ್ರೋಶಾ (ಕೊಕ್ಕೆಕಡ್ಡಿ ಹೆಣಿಗೆ) ಹೊದಿಕೆಗೆ ಯಾವ ದಾರ: ಅಕ್ರಿಲಿಕ್, ಹತ್ತಿ, ಉಣ್ಣೆ?

ಖರ್ಚಿನ ಲೆಕ್ಕಕ್ಕೆ ಸಾಮಾನ್ಯವಾಗಿ ಅಕ್ರಿಲಿಕ್ಕೇ ಅಗ್ಗ; ದೊಡ್ಡ ಹೊದಿಕೆ ಉಂಡೆಗಟ್ಟಲೆ ದಾರ ನುಂಗುವುದರಿಂದ ಇದು ಸಣ್ಣ ಮಾತಲ್ಲ. ಮಷಿನ್‌ಗೂ ಹಾಕಬಹುದು. ಬಿಸಿ ಇಸ್ತ್ರಿ ಮಾತ್ರ ಬೇಡ: ಒಮ್ಮೆ ಜೋಲುಬಿದ್ದರೆ ಮತ್ತೆ ಮೊದಲಿನಂತಾಗದು.

ಹತ್ತಿ ಸೆಕೆಗಾಲಕ್ಕೆ ಹಿತ, ಆದರೆ ಭಾರ. ಒಗೆದು ಬಕೆಟ್‌ನಿಂದ ಎತ್ತುವಾಗ ತೋಳಿಗೇ ಗೊತ್ತಾಗುತ್ತದೆ! ದಾರ ಹಿಗ್ಗದ ಕಾರಣ ಹೆಚ್ಚು ಹೊತ್ತು ಹೆಣೆದರೆ ಬೆರಳೂ ನೋಯುತ್ತದೆ. ಉಣ್ಣೆ ಬೆಚ್ಚಗಿರುತ್ತದೆ, ಹೆಣೆಯಲು ಕೈಗೂ ಸುಖ. ಬಿಸಿನೀರಲ್ಲಿ ತಿಕ್ಕಿದಿರೋ, ಕುಗ್ಗಿ ಗಟ್ಟಿಯಾಗುತ್ತದೆ.

ಪದೇಪದೇ ಒಗೆಯುವ ಮಗುವಿನ ಹೊದಿಕೆಗೆ ನಾನಾದರೆ ಅಕ್ರಿಲಿಕ್ ಅಥವಾ ಹತ್ತಿ ತಗೋತೀನಿ. ಕೊರೆಯುವ ಚಳಿ, ಕೈಯಲ್ಲಿ ಒಗೆಯುವ ತಾಳ್ಮೆ, ಎರಡೂ ಇದ್ದರೆ ಉಣ್ಣೆ.

ಇನ್ನು ಹೆಣಿಗೆ. ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಹೆಣಿಗೆ, ಒತ್ತಾಗಿ ಬರುತ್ತದೆ, ದಾರವೂ ಸಮಯವೂ ಹೆಚ್ಚು. ಡಬಲ್, ಅಂದರೆ ಎತ್ತರದ ಹೆಣಿಗೆ, ಬೇಗ ಬೆಳೆಯುತ್ತದೆ, ಮೆತ್ತಗೆ ಇಳಿಬೀಳುತ್ತದೆ. ಸಂದುಗಳಲ್ಲಿ ಗಾಳಿ ನುಸುಳೀತು. ಹುಷಾರು, ಇವು ಅಮೆರಿಕದ ಹೆಸರುಗಳು: ಅಮೆರಿಕದವರ ಡಬಲ್ಲನ್ನೇ ಬ್ರಿಟಿಷರು ಟ್ರೆಬಲ್ ಅನ್ನುತ್ತಾರೆ. ಎಷ್ಟು ದಾರ ಬೇಕೆಂದು ತಿಳಿಯಲು ಮೊದಲು 15 ಸೆಂ.ಮೀ. ಚೌಕ ಹೆಣೆದು, ಒಗೆದು, ಅಳೆದು ನೋಡಿ. ಆಮೇಲೆ ಅಷ್ಟೂ ಉಂಡೆ ಒಂದೇ ಡೈ ಲಾಟ್‌ನಲ್ಲಿ (ಒಟ್ಟಿಗೆ ಬಣ್ಣ ಹಾಕಿದ ಕಂತಿನಲ್ಲಿ) ತೆಗೆದುಕೊಳ್ಳಿ.