ದೂರದ ಸರ್ವರ್, ಮೇಜಿನ ಮೇಲಿನ ಪ್ರಿಂಟರ್: ಪುಟ್ಟಿಯ ಪ್ರಿಂಟಿಂಗ್ ಸೌಲಭ್ಯದ ವಿಮರ್ಶೆ

ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಲು ಪುಟ್ಟಿ ಎಂಬ ಉಚಿತ ತಂತ್ರಾಂಶವನ್ನು ದಿನವೂ ಬಳಸುವವರು ಕೂಡ ಅದರ ಸೆಟ್ಟಿಂಗ್ ಕಿಟಕಿಯ ‘ಟರ್ಮಿನಲ್’ ವಿಭಾಗದಲ್ಲಿ ತೀರ ಕೆಳಗಿರುವ ಒಂದು ಪಟ್ಟಿಯನ್ನು ಸಾಮಾನ್ಯವಾಗಿ ಗಮನಿಸಿರುವುದಿಲ್ಲ. ‘ರಿಮೋಟ್ ಕಂಟ್ರೋಲ್ಡ್ ಪ್ರಿಂಟಿಂಗ್’ ಎಂಬ ತಲೆಬರಹದಡಿಯ ಆ ಪಟ್ಟಿಯಲ್ಲಿ ನಮ್ಮ ಕಂಪ್ಯೂಟರಿಗೆ ಜೋಡಿಸಿರುವ ಪ್ರಿಂಟರ್‌ಗಳ ಹೆಸರುಗಳಿರುತ್ತವೆ. ಅವುಗಳಲ್ಲೊಂದನ್ನು ಆರಿಸಿಟ್ಟರೆ, ಬೇರೊಂದು ಊರಿನ ಸರ್ವರ್‌ನಲ್ಲಿರುವ ಕಡತವನ್ನು ನಮ್ಮ ಮೇಜಿನ ಮೇಲಿನ ಪ್ರಿಂಟರಿನಲ್ಲಿಯೇ ತೆಗೆದುಕೊಳ್ಳಬಹುದು. ನಾನು ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸಗಟು ಮಳಿಗೆಗಳಲ್ಲಿ ಬಿಲ್ಲು, ಗೇಟ್ ಪಾಸು, ಲೆಡ್ಜರ್ ಎಲ್ಲವೂ ಈ ದಾರಿಯಲ್ಲೇ ಬರುತ್ತವೆ. ಸೂಜಿಗಳಿಂದ ರಿಬ್ಬನ್ನಿನ ಮೇಲೆ ಹೊಡೆದು ಅಕ್ಷರ ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವ ಕಚೇರಿಗೆ ಇದಕ್ಕಿಂತ ಸರಳವಾದ, ಖರ್ಚಿಲ್ಲದ ಏರ್ಪಾಡನ್ನು ನಾನು ಕಂಡಿಲ್ಲ; ಅಗ್ಗದ ಲೇಸರ್ ಪ್ರಿಂಟರ್ ಮಾತ್ರ ಇರುವ ಕಚೇರಿಗೆ ಇದು ಬಹುಮಟ್ಟಿಗೆ ನಿಷ್ಪ್ರಯೋಜಕ. ಹೊಗಳಿಕೆಗೂ ತೆಗಳಿಕೆಗೂ ಕಾರಣ ಒಂದೇ: ಪುಟ್ಟಿಯು ತನಗೆ ಬಂದ ಬೈಟ್‌ಗಳನ್ನು (ಅಕ್ಷರಗಳನ್ನೂ ಆಜ್ಞೆಗಳನ್ನೂ ಸೂಚಿಸುವ ಸಂಖ್ಯೆಗಳನ್ನು) ಇದ್ದಹಾಗೆಯೇ ಪ್ರಿಂಟರ್‌ಗೆ ದಾಟಿಸುತ್ತದೆ, ಅದರಾಚೆಗೆ ಏನನ್ನೂ ಮಾಡುವುದಿಲ್ಲ.

ಈ ವಿಧಾನ ಹೊಸದಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯು 1978ರಲ್ಲಿ ತಂದ ವಿಟಿ100 ಟರ್ಮಿನಲ್‌ನ (ದೂರದ ಕಂಪ್ಯೂಟರಿಗೆ ಜೋಡಿಸುವ ಪರದೆ, ಕೀಲಿಮಣೆಗಳ ಯಂತ್ರ) ನಂತರದ ಮಾದರಿಯಾದ ವಿಟಿ102ರ ಹಿಂಬದಿಯಲ್ಲಿ ಪ್ರಿಂಟರಿಗೆಂದೇ ಒಂದು ಸೀರಿಯಲ್ ಪೋರ್ಟ್ ಇತ್ತು. ಸರ್ವರ್ ಕಡೆಯಿಂದ ಎಸ್ಕೇಪ್ ಬೈಟು, ಎಡ ಚೌಕಾವರಣ, 5 ಮತ್ತು ಸಣ್ಣ ‘ಐ’ ಎಂಬ ನಾಲ್ಕು ಬೈಟ್‌ಗಳು ಬಂದ ಕೂಡಲೇ ಟರ್ಮಿನಲ್ಲು ಮುಂದಿನದನ್ನೆಲ್ಲ ಪರದೆಗೆ ಬದಲಾಗಿ ಆ ಪೋರ್ಟಿಗೆ ಕಳಿಸುತ್ತಿತ್ತು. 5ರ ಜಾಗದಲ್ಲಿ 4 ಇರುವ ಅದೇ ಸಂಕೇತ ಬಂದಾಗ ಮತ್ತೆ ಪರದೆಗೆ ಮರಳುತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಎಂಬ ಇಮೇಲ್ ತಂತ್ರಾಂಶವು ಇದೇ ಸಂಕೇತಗಳನ್ನು ಬಳಸಿ, ಓದುಗರು ಕುಳಿತ ಕಡೆಯೇ ಪತ್ರಗಳನ್ನು ಪ್ರಿಂಟ್ ಮಾಡಿಕೊಡುತ್ತಿತ್ತು. ಅದರ ಜೊತೆಗೆ ಬರುತ್ತಿದ್ದ ‘ಆನ್ಸಿಪಿಆರ್‌ಟಿ’ ಎಂಬ ಪುಟ್ಟ ಪ್ರೋಗ್ರಾಮನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಸೈಮನ್ ಟ್ಯಾಥಮ್ ಅವರು ಬರೆಯಲಾರಂಭಿಸಿದ ಪುಟ್ಟಿ ಆ ಹಳೆಯ ಟರ್ಮಿನಲ್‌ಗಳ ನಡವಳಿಕೆಯನ್ನು ವಿಂಡೋಸ್ ಕಿಟಕಿಯೊಳಗೆ ಅನುಕರಿಸುವುದರಿಂದ, ಈ ಗುಣವೂ ಅದಕ್ಕೆ ಬಂದಿದೆ.

ಇದರ ದೊಡ್ಡ ಲಾಭವು ನೆಟ್‌ವರ್ಕ್‌ನ ಕಡೆಯಿಂದ ನೋಡಿದಾಗ ತಿಳಿಯುತ್ತದೆ. ಪ್ರಿಂಟ್ ಆಗಬೇಕಾದ ಮಾಹಿತಿಯು ನಾವು ಟೈಪ್ ಮಾಡುತ್ತಿರುವ ಅದೇ ಎಸ್‌ಎಸ್‌ಎಚ್ (ಸುರಕ್ಷಿತ ಲಾಗಿನ್) ಸಂಪರ್ಕದೊಳಗೇ ಬರುವುದರಿಂದ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಕಾಗಿಲ್ಲ, ವಿಪಿಎನ್ ಬೇಕಾಗಿಲ್ಲ, ಶಾಖೆಯ ಇಂಟರ್‌ನೆಟ್ ವಿಳಾಸ ಸ್ಥಿರವಾಗಿರಬೇಕಾಗಿಯೂ ಇಲ್ಲ. ಶಾಖೆಯವರು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಲಾಗಿನ್ ಆದರೂ ಬಿಲ್ಲು ಅವರ ಮುಂದೆಯೇ ಬರುತ್ತದೆ. ಸರ್ವರ್‌ಗೆ ಆ ಪ್ರಿಂಟರ್ ಎಲ್ಲಿದೆ, ಅದರ ಹೆಸರೇನು ಎಂಬುದು ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಹತ್ತು ಶಾಖೆಗಳಿಂದ ಹತ್ತು ಜನ ಒಂದೇ ಆಜ್ಞೆಯನ್ನು ಕೊಟ್ಟರೂ ಯಾರ ಕಾಗದ ಯಾರಿಗೆ ಹೋಗಬೇಕೋ ಅವರಿಗೇ ಹೋಗುತ್ತದೆ. ಸರ್ವರ್‌ನಲ್ಲಿ ಹೊಸದಾಗಿ ಏನನ್ನೂ ಸ್ಥಾಪಿಸಬೇಕಿಲ್ಲ. ಟರ್ಮಿನಲ್‌ಗೆ ಮೇಲಿನ ಸಂಕೇತಗಳನ್ನು ಕಳಿಸುವ ‘ಟಿಪುಟ್’ ಆಜ್ಞೆಗೆ ‘ಎಂಸಿ5’ ಎಂದು ಕೊಟ್ಟು, ಕಡತವನ್ನು ‘ಕ್ಯಾಟ್’ ಆಜ್ಞೆಯಿಂದ ಹೊರಹಾಕಿ, ಮತ್ತೆ ‘ಟಿಪುಟ್’ಗೆ ‘ಎಂಸಿ4’ ಎಂದು ಕೊಡುವ ಮೂರು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟರೆ ಆಯಿತು.

ಸೆಟ್ಟಿಂಗ್ ಮಾಡುವಲ್ಲಿ ಎರಡು ಕಡೆ ಎಡವುವ ಸಂಭವವಿದೆ. ಪ್ರಿಂಟರನ್ನು ಆರಿಸಿದ ಮೇಲೆ ‘ಸೆಷನ್’ ವಿಭಾಗಕ್ಕೆ ಹಿಂದಿರುಗಿ ಸೇವ್ ಮಾಡದಿದ್ದರೆ ಮರುದಿನ ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಅಲ್ಲದೆ ಪುಟ್ಟಿ ತನ್ನ ಸೆಟ್ಟಿಂಗ್‌ಗಳನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಆಯಾ ಬಳಕೆದಾರರ ಹೆಸರಿನಡಿಯಲ್ಲೇ ಇಡುವುದರಿಂದ, ಒಂದೇ ಕಂಪ್ಯೂಟರನ್ನು ಬೆಳಗಿನವರೂ ಸಂಜೆಯವರೂ ಬೇರೆ ಬೇರೆ ಲಾಗಿನ್‌ನಿಂದ ಬಳಸುತ್ತಿದ್ದರೆ ಇಬ್ಬರಿಗೂ ಪ್ರತ್ಯೇಕವಾಗಿ ಮಾಡಿಕೊಡಬೇಕು. ಇದಕ್ಕಿಂತ ಹೆಚ್ಚು ಕಾಡುವುದು ಯುಎಸ್‌ಬಿ ತಂತಿ. ಕಸ ಗುಡಿಸುವಾಗ ಕಿತ್ತುಬಂದ ತಂತಿಯನ್ನು ಯಾರೋ ಪಕ್ಕದ ತೂತಿಗೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದು ತಿಳಿದು, ಹಳೆಯ ಹೆಸರಿನ ಮುಂದೆ ‘ಕಾಪಿ 1’ ಎಂದು ಸೇರಿಸಿ ಇನ್ನೊಂದನ್ನು ಸೃಷ್ಟಿಸುತ್ತದೆ. ಪುಟ್ಟಿ ಮಾತ್ರ ಹಳೆಯ ಹೆಸರಿಗೇ ಕಳಿಸುತ್ತಿರುತ್ತದೆ, ಆ ಸರದಿಯಲ್ಲಿ ಬಿಲ್ಲುಗಳು ಸುಮ್ಮನೆ ಸೇರುತ್ತ ಹೋಗುತ್ತವೆ, ಪರದೆಯ ಮೇಲೆ ಒಂದು ಎಚ್ಚರಿಕೆಯೂ ಕಾಣಿಸುವುದಿಲ್ಲ. ‘ಸರ್ವರ್ ಕೆಟ್ಟಿದೆ’ ಎಂದು ಬರುವ ಫೋನ್ ಕರೆಗಳಲ್ಲಿ ಈ ತಂತಿಯ ಪಾಲು ಸಣ್ಣದಲ್ಲ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಇದರ ಫಲಿತಾಂಶವು ಅತ್ಯುತ್ತಮವಾಗಿದೆ. ಎಪ್ಸನ್ ಎಲ್‌ಎಕ್ಸ್-310ನಂಥ ಎಂಬತ್ತು ಕಾಲಮ್ಮಿನ ಯಂತ್ರವು ಬಂದ ಅಕ್ಷರಗಳನ್ನು ತನ್ನೊಳಗಿನ ಫಾಂಟಿನಲ್ಲಿಯೇ ಒಡನೆ ಹೊಡೆಯುವುದರಿಂದ ವೇಗ ಚೆನ್ನಾಗಿದೆ, ಕಾರ್ಬನ್ ಪ್ರತಿಯೂ ಸ್ಪಷ್ಟವಾಗಿ ಮೂಡುತ್ತದೆ. 132 ಕಾಲಮ್ಮಿನ ಲೆಡ್ಜರ್ ಬೇಕಾದರೆ ಕಡತದ ಮೊದಲಿಗೆ 15 ಬೆಲೆಯ ಒಂದು ಬೈಟನ್ನು ಸೇರಿಸಿದರೆ ಸಾಕು. ಅಕ್ಷರಗಳು ಕಿರಿದಾಗಿ ಅದೇ ಅಗಲದೊಳಗೆ 137 ಅಕ್ಷರಗಳವರೆಗೆ ಹಿಡಿಯುತ್ತವೆ. ಆದರೆ ಪುಟದ ಉದ್ದದ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಸ್ಟೇಷನರಿ ಅಂಗಡಿಗಳು ಮಾರುವ ತೂತಂಚಿನ ಕಾಗದ ಹೆಚ್ಚಾಗಿ ಹನ್ನೆರಡು ಇಂಚಿನದು, ಅಂದರೆ ಇಂಚಿಗೆ ಆರು ಸಾಲಿನಂತೆ ಪುಟಕ್ಕೆ 72 ಸಾಲುಗಳು. ಪ್ರಿಂಟರ್ ಮಾತ್ರ ಹನ್ನೊಂದು ಇಂಚಿಗೆ, ಅಂದರೆ 66 ಸಾಲಿಗೆ ಹೊಂದಿಸಲ್ಪಟ್ಟಿದ್ದರೆ ಪ್ರತಿ ಪುಟದ ಕೊನೆಯಲ್ಲಿ ಒಂದು ಇಂಚು ಹಿಂದುಳಿಯುತ್ತದೆ. ನಾಲ್ಕನೆಯ ಬಿಲ್ಲಿಗೆ ಬರುವಷ್ಟರಲ್ಲಿ ತಲೆಬರಹವು ಮಡಿಕೆಯ ಗೆರೆಗಿಂತ ಮೂರು ಇಂಚು ಮೇಲೆ, ಹಿಂದಿನ ಹಾಳೆಯ ಬುಡದಲ್ಲಿ ಬಿದ್ದಿರುತ್ತದೆ. ವಿಂಡೋಸ್ ಡ್ರೈವರ್‌ನಲ್ಲಿ (ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿ) ಕಾಗದದ ಅಳತೆಯನ್ನು ಎಷ್ಟು ಸಲ ಬದಲಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಪುಟ್ಟಿ ಕಳಿಸುವ ಬೈಟ್‌ಗಳು ಡ್ರೈವರ್‌ನ ಕೈಗೆ ಸಿಗುವುದೇ ಇಲ್ಲ. ಕಡತದ ಆರಂಭದಲ್ಲಿಯೇ ಎಸ್ಕೇಪ್, ದೊಡ್ಡ ‘ಸಿ’ ಮತ್ತು 72 ಬೆಲೆಯ ಬೈಟನ್ನು ಸೇರಿಸಬೇಕು, ಇಲ್ಲವೇ ಪ್ರಿಂಟರಿನ ಸ್ವಂತ ಸೆಟ್ಟಿಂಗ್‌ನಲ್ಲಿ ಪುಟದ ಉದ್ದವನ್ನು ಬದಲಿಸಬೇಕು.

ಇದೇ ಕಾರಣದಿಂದ ಲೇಸರ್ ಪ್ರಿಂಟರ್‌ನವರು ನಿರಾಶರಾಗುತ್ತಾರೆ. ನಮ್ಮ ಕಚೇರಿಗಳಲ್ಲೂ ಜೆರಾಕ್ಸ್ ಅಂಗಡಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ ಲೇಸರ್‌ಜೆಟ್ 1020 ಮುಂತಾದ ಮಾದರಿಗಳಿಗೆ ಅಕ್ಷರಗಳು ಗೊತ್ತಿಲ್ಲ. ಕಂಪ್ಯೂಟರಿನಲ್ಲಿರುವ ಡ್ರೈವರ್ ಇಡೀ ಪುಟವನ್ನು ಚಿತ್ರವಾಗಿಸಿ ಆಯಾ ಕಂಪನಿಯ ಸ್ವಂತ ಭಾಷೆಯಲ್ಲಿ ಕಳಿಸಿದರೆ ಮಾತ್ರ ಅವು ಕೆಲಸ ಮಾಡುತ್ತವೆ. ಅವುಗಳಿಗೆ ಪುಟ್ಟಿಯಿಂದ ಬರೀ ಪಠ್ಯ ಕಳಿಸಿದರೆ ಕಾಗದ ಹೊರಬರುವುದಿಲ್ಲ. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆ ತಿಳಿದಿರುವ ದುಬಾರಿ ಯಂತ್ರಗಳಿದ್ದರೆ ಸರ್ವರ್‌ನಲ್ಲಿಯೇ ಕಡತವನ್ನು ಆ ರೂಪಕ್ಕೆ ಪರಿವರ್ತಿಸಿ ಕಳಿಸಬಹುದು. ಪುಟ್ಟಿಯ ಕೈಪಿಡಿ ಇದನ್ನು ಪ್ರಾಮಾಣಿಕವಾಗಿ ಹೇಳುತ್ತದೆ: ಕಾಗದದ ಟ್ರೇ, ಅಡ್ಡ ಅಥವಾ ಉದ್ದ ಮುದ್ರಣ, ರೆಸಲ್ಯೂಷನ್ ಇವೆಲ್ಲ ಡ್ರೈವರ್‌ನ ಕೆಲಸ, ಡ್ರೈವರನ್ನು ತಾನು ಬಳಸುವುದಿಲ್ಲವಾದ್ದರಿಂದ ಅವುಗಳನ್ನು ಸರ್ವರ್ ಕಡೆಯಿಂದಲೇ ನೋಡಿಕೊಳ್ಳಬೇಕು, ಎಂದು.

ಕನ್ನಡದಲ್ಲಿ ಬಿಲ್ಲು ಕೊಡಬೇಕೆನ್ನುವವರು ಇನ್ನೊಂದು ತೊಡಕನ್ನು ಎದುರಿಸಬೇಕಾಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗಿರುತ್ತದೆ. ಪುಟ್ಟಿಯ ಪರದೆಯ ಮೇಲೆ ಕನ್ನಡ ಹೇಗೇ ಕಾಣಲಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಆ ಬೈಟ್‌ಗಳನ್ನು ತನ್ನ ಹಳೆಯ 437ನೆಯ ಅಕ್ಷರಪಟ್ಟಿಯಲ್ಲಿ ಒಂದೊಂದಾಗಿ ಹುಡುಕುತ್ತದೆ. ಗಿರಾಕಿಯ ಹೆಸರಿನಲ್ಲಿ ‘ಕ’ ಇದ್ದರೆ ಕಾಗದದ ಮೇಲೆ ಮೂಡುವುದು ಗ್ರೀಕ್ ಆಲ್ಫಾ, ಅದರ ಪಕ್ಕ ಚುಕ್ಕಿ ತುಂಬಿದ ಒಂದು ಚೌಕ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಓ’. ಇಡೀ ಹೆಸರು ಆಲ್ಫಾಗಳ ಸಾಲಾಗಿಬಿಡುತ್ತದೆ. ಇದಕ್ಕೆ ಪರಿಹಾರವಿದೆ: ಸರ್ವರ್‌ನಲ್ಲಿ ‘ಪ್ಯಾಪ್ಸ್’ನಂಥ ಸಾಧನದಿಂದ ಕನ್ನಡ ಪಠ್ಯವನ್ನು ಒತ್ತಕ್ಷರ ಸಮೇತ ಪುಟವಾಗಿ ಜೋಡಿಸಿ, ಅದನ್ನು ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದ ಎಪ್ಸನ್ ಡ್ರೈವರ್ ಮೂಲಕ ಚುಕ್ಕಿಗಳ ಚಿತ್ರವನ್ನಾಗಿಸಿ ಕಳಿಸುವುದು. ಹಾಗೆ ಕಳಿಸುವ ಮೊದಲು ‘ಎಸ್‌ಟಿಟಿವೈ’ ಆಜ್ಞೆಯಿಂದ ಟರ್ಮಿನಲ್‌ನ ಸಾಲು ಪರಿವರ್ತನೆಯನ್ನು ನಿಲ್ಲಿಸಲೇಬೇಕು. ಸಾಲಿನ ಕೊನೆಯ 10 ಬೆಲೆಯ ಬೈಟಿನ ಹಿಂದೆ 13ನ್ನು ಸೇರಿಸುವ ಲಿನಕ್ಸ್‌ನ ಅಭ್ಯಾಸವು ಬರೀ ಪಠ್ಯಕ್ಕೆ ಉಪಕಾರಿಯೇ. ಅದಿಲ್ಲದಿದ್ದರೆ ಸಾಲುಗಳು ಮೆಟ್ಟಿಲುಮೆಟ್ಟಿಲಾಗಿ ಬಲಕ್ಕೆ ಸರಿಯುತ್ತವೆ. ಚಿತ್ರದ ನಡುವೆ ಮಾತ್ರ ಹೀಗೆ ಒಂದು ಬೈಟು ಹೆಚ್ಚಾದರೂ ಆ ಸಾಲಿನ ಚುಕ್ಕಿಗಳು ಜರುಗಿ ಅಕ್ಷರಗಳು ಸೀಳುತ್ತವೆ. ಎಲ್ಲವನ್ನೂ ಸರಿಮಾಡಿಕೊಂಡ ಮೇಲೆ ಬರುವ ಕನ್ನಡ ಬಿಲ್ಲು ಓದುವಂತಿರುತ್ತದೆ, ಆದರೆ ಒಂಬತ್ತು ಸೂಜಿಯ ತಲೆಯು ಚಿತ್ರ ಹೊಡೆಯುವಾಗ ನಿಧಾನ ಬಹಳ, ಸದ್ದೂ ಬಹಳ. ಅಂಗಡಿಯ ಹೆಸರು ವಿಳಾಸಗಳನ್ನು ಪ್ರೆಸ್ಸಿನಲ್ಲಿ ಮೊದಲೇ ಕನ್ನಡದಲ್ಲಿ ಅಚ್ಚುಹಾಕಿಸಿದ ಕಾಗದವನ್ನು ಬಳಸಿ, ಒಳಗಿನ ವಿವರವನ್ನಷ್ಟೇ ಇಂಗ್ಲಿಷಿನಲ್ಲಿ ಹೊಡೆಯುವವರ ಜಾಣತನವನ್ನು ನಾನು ಅಲ್ಲಗಳೆಯಲಾರೆ.

ಬಳಕೆಯಲ್ಲಿ ಗಾಬರಿ ಹುಟ್ಟಿಸುವ ಸಂದರ್ಭವೊಂದಿದೆ. ದೊಡ್ಡ ಕಡತ ಹೋಗುತ್ತಿರುವಾಗ ಯಾರಾದರೂ ಕಂಟ್ರೋಲ್-ಸಿ ಒತ್ತಿ ಸ್ಕ್ರಿಪ್ಟನ್ನೇ ನಿಲ್ಲಿಸಿದರೆ ಮುಕ್ತಾಯದ ಸಂಕೇತ ಪುಟ್ಟಿಗೆ ತಲುಪುವುದೇ ಇಲ್ಲ. ಆಗ ಪರದೆ ಸತ್ತಂತಿರುತ್ತದೆ, ಟೈಪ್ ಮಾಡಿದ್ದು ಕಾಣಿಸುವುದಿಲ್ಲ, ಸರ್ವರ್‌ನ ಪ್ರತಿಯೊಂದು ಉತ್ತರವೂ ಪ್ರಿಂಟರಿನ ಸರದಿಗೆ ಸೇರುತ್ತಿರುತ್ತದೆ. ಕಾಣದಿದ್ದರೂ ಚಿಂತಿಸದೆ ‘ಟಿಪುಟ್ ಎಂಸಿ4’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಪರದೆ ಮರಳುತ್ತದೆ. ಸ್ಕ್ರಿಪ್ಟಿನಲ್ಲಿಯೇ ‘ಟ್ರ್ಯಾಪ್’ ಸಾಲೊಂದನ್ನು ಸೇರಿಸಿ, ನಡುವೆ ನಿಂತರೂ ಮುಕ್ತಾಯದ ಸಂಕೇತ ಹೋಗುವಂತೆ ಮಾಡುವುದು ಇನ್ನೂ ಒಳ್ಳೆಯದು. ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್‌ಗಳನ್ನು ನಡೆಸುವ ಟಿಮಕ್ಸ್ ತಂತ್ರಾಂಶದ ಒಳಗಿಂದ ಈ ಸಂಕೇತಗಳು ಪುಟ್ಟಿಯವರೆಗೆ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಸೌಲಭ್ಯವನ್ನು ತಯಾರಕರು ಮೊದಲಿಗೆ ಆಫ್ ಮಾಡಿಯೇ ಇಟ್ಟಿರುವುದು ವಿವೇಕದ ಕೆಲಸ, ಏಕೆಂದರೆ ಆನ್ ಆಗಿರುವಾಗ ಯಾವುದೇ ಅಪರಿಚಿತ ಕಡತವನ್ನು ಪರದೆಗೆ ತಂದರೂ ಅದರೊಳಗೆ ಆ ನಾಲ್ಕು ಬೈಟ್‌ಗಳಿದ್ದರೆ ನಮ್ಮ ಕಾಗದ ಓಡಲಾರಂಭಿಸುತ್ತದೆ. ನಂಬಿಕೆಯ ಸರ್ವರ್‌ನ ಸೆಷನ್‌ಗೆ ಮಾತ್ರ ಪ್ರಿಂಟರನ್ನು ಆರಿಸಿ, ಉಳಿದವುಗಳಲ್ಲಿ ‘ನನ್’ ಎಂದೇ ಬಿಡುವುದು ಸರಿ.

ಇದಕ್ಕೆ ಬದಲಾಗಿ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ಬಹಳ ಮಂದಿ, ಮುಖ್ಯವಾಗಿ ಟ್ಯಾಲಿಯನ್ನು ಕ್ಲೌಡ್‌ನಲ್ಲಿ ಇಟ್ಟಿರುವವರು. ವಿಂಡೋಸ್ ಸರ್ವರ್ 2008ರೊಂದಿಗೆ ಬಂದ ಈಸಿ ಪ್ರಿಂಟ್ ವ್ಯವಸ್ಥೆಯು ನಮ್ಮ ಕಡೆಯ ಡ್ರೈವರನ್ನೇ ಬಳಸುವುದರಿಂದ ಎಲ್‌ಬಿಪಿ2900ರಂಥ ಯಂತ್ರದಲ್ಲೂ ಪಿಡಿಎಫ್, ಕನ್ನಡ, ಲೋಗೋ ಎಲ್ಲವೂ ಸುಂದರವಾಗಿ ಬರುತ್ತವೆ. ಲೇಸರ್ ಇರುವವರಿಗೆ ಅದೇ ಸರಿಯಾದ ದಾರಿ. ಆದರೆ ಅದೇ ವ್ಯವಸ್ಥೆಯಲ್ಲಿ ಡಾಟ್ ಮ್ಯಾಟ್ರಿಕ್ಸ್‌ಗೆ ಕಳಿಸಿದ ಬಿಲ್ಲು ಚಿತ್ರವಾಗಿ ಹೋಗುವುದರಿಂದ ನಿಧಾನವಾಗುತ್ತದೆ, ಪಠ್ಯವೂ ಮಸುಕಾಗಿ ಕಾಣುತ್ತದೆ. ಮೇಲಾಗಿ ಸರ್ವರ್ ಲೈಸೆನ್ಸಿನ ಖರ್ಚು ಬೇರೆ. ಕಡತವನ್ನು ಪುಟ್ಟಿಯ ಜೊತೆಗಿರುವ ಕಡತ ವರ್ಗಾವಣೆ ಸಾಧನವಾದ ಪಿಎಸ್‌ಸಿಪಿ ಮೂಲಕ ಇಳಿಸಿಕೊಂಡು ಕೈಯಾರೆ ಪ್ರಿಂಟ್ ಕೊಡುವುದು ಅಪರೂಪದ ವರದಿಗೆ ಸಾಕು, ಕೌಂಟರಿನ ಮುಂದೆ ಗಿರಾಕಿ ಕಾದು ನಿಂತಿರುವಾಗ ಆಗದ ಮಾತು. ಲಿನಕ್ಸ್ ಡೆಸ್ಕ್‌ಟಾಪ್ ಇಟ್ಟುಕೊಂಡ ಶಾಖೆಗಳಲ್ಲಿ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶ ಕೂಡ ಇದೇ ಸಂಕೇತಗಳನ್ನು ಗುರುತಿಸುತ್ತದೆ. ಅದರ ‘ಪ್ರಿಂಟರ್ ಕಮಾಂಡ್’ ಸೆಟ್ಟಿಂಗ್‌ಗೆ ಪ್ರಿಂಟರಿಗೆ ಕಳಿಸುವ ‘ಎಲ್‌ಪಿಆರ್’ ಆಜ್ಞೆಯನ್ನು ಕೊಟ್ಟರೆ ಸರ್ವರ್‌ನಲ್ಲಿರುವ ಅದೇ ಮೂರು ಸಾಲಿನ ಸ್ಕ್ರಿಪ್ಟ್ ಅಲ್ಲಿಯೂ ನಡೆಯುತ್ತದೆ.