ಸೊಂಟ ನೋವಿಗೆ ಅಕ್ಯುಪಂಕ್ಚರ್: ಎರಡು ವರ್ಷದಲ್ಲಿ 22 ಸಲ ಹೋಗಿ ಬಂದ ಮೇಲೆ

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವಳು ರಾತ್ರಿ ಹತ್ತಕ್ಕೆ ಏಳುವುದು. ಮೂರು ವರ್ಷದ ಹಿಂದೆ ಹಸಿ ಅಡಿಕೆ ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಆಮೇಲೆ ಬಿಡಲೇ ಇಲ್ಲ. ಮಗ್ಗುಲು ಬದಲಿಸಬೇಕಾದರೆ ಮಂಚದ ಅಂಚು ಹಿಡಿದು ಮೈ ಎಳೆದುಕೊಳ್ಳಬೇಕಿತ್ತು.

ಎಂಆರ್‌ಐ ಆಯಿತು. ಡಿಸ್ಕ್ ಸ್ವಲ್ಪ ಸವೆದಿದೆ, ಆಪರೇಷನ್ ಬೇಡ ಅಂದರು ಮೂಳೆ ಡಾಕ್ಟರು. ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿ. ಆಗ ನಾದಿನಿ ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆಯ ಹೆಸರು ಹೇಳಿದಳು.

ಮೊದಲು ಹೋದ ಜಾಗದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಿ.ಪಿ. ಮಾತ್ರೆಯನ್ನೂ ನಿಲ್ಲಿಸಿ ಅಂದರು. ಸೂಜಿ ಬಂದದ್ದು ಸ್ಟೀಲ್ ತಟ್ಟೆಯಿಂದ, ಪ್ಯಾಕೆಟ್ ಕಾಣಲಿಲ್ಲ. ಕೇಳಿದರೆ "ನಂಬಿಕೆ ಇಲ್ಲದಿದ್ದರೆ ಬರಬೇಡಿ" ಎಂಬ ಉತ್ತರ. ಚುಚ್ಚಿಸಿಕೊಳ್ಳದೆ ಎದ್ದು ಬಂದೆ.

ಈಗ ಹೋಗುವುದು ಶಿವಮೊಗ್ಗದ ಒಬ್ಬ ಡಾಕ್ಟರಮ್ಮನ ಹತ್ತಿರ. ಮೊದಲ ದಿನ ಅರ್ಧ ಗಂಟೆ ಬರೀ ಮಾತು. ಕಾಲು ಜೋಮು ಹಿಡಿಯುತ್ತದಾ, ಮೂತ್ರ ಹಿಡಿದುಕೊಳ್ಳಲು ಕಷ್ಟವಾ, ರಕ್ತ ತೆಳುವಾಗುವ ಮಾತ್ರೆ ಇದೆಯಾ ಅಂತ ಕೇಳಿ ಬರೆದುಕೊಂಡರು. ಬಿ.ಪಿ. ಮಾತ್ರೆ ತಪ್ಪಿಸಲೇಬೇಡಿ ಅಂದರು. ಆಮೇಲೆ ನನ್ನ ಕಣ್ಣೆದುರೇ ಪ್ಯಾಕೆಟ್ ಹರಿದರು.

ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಅಲ್ಲ. ದಪ್ಪ ಕೂದಲಿನ ಹಾಗಿರುತ್ತದೆ, ಹಿಡಿದರೆ ಬಳುಕುತ್ತದೆ. ಸಣ್ಣ ಕೊಳವೆಯೊಳಗಿಟ್ಟು ಬೆರಳಿನಿಂದ ಒಮ್ಮೆ ತಟ್ಟುತ್ತಾರೆ, ಅಷ್ಟೇ. ಸೊಂಟದ ಎರಡೂ ಕಡೆ, ಮತ್ತೆ ಮಂಡಿಯ ಹಿಂದಿನ ಮಡಿಕೆಯಲ್ಲಿ. ಸೊಂಟಕ್ಕಿಂತ ಮಂಡಿಯ ಹಿಂದಿನದೇ ಜೋರು. ಚುಚ್ಚಿದ್ದು ಗೊತ್ತಾಗುವುದಿಲ್ಲ, ಸ್ವಲ್ಪ ತಿರುಗಿಸಿದಾಗ ಒಳಗೆ ಭಾರ ಇಟ್ಟ ಹಾಗೆ, ಮೀನಖಂಡದವರೆಗೂ ಸೆಳೆದ ಹಾಗೆ ಆಗುತ್ತದೆ. ಬೋರಲು ಮಲಗಿ 25 ನಿಮಿಷ. ನನಗೆ ಪ್ರತಿ ಸಲ ನಿದ್ದೆ.

ಮೊದಲ ನಾಲ್ಕು ಸಲ ಏನೂ ಗೊತ್ತಾಗಲಿಲ್ಲ, ದುಡ್ಡು ದಂಡ ಅನಿಸಿತ್ತು. ಆರನೆಯದು ಮುಗಿದ ಮರುದಿನ ಬೆಳಿಗ್ಗೆ ಎದ್ದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ರಾತ್ರಿ ಯಾವಾಗ ಹೊರಳಿದೆನೋ ಎಚ್ಚರವೇ ಆಗಿರಲಿಲ್ಲ. ಅವತ್ತು ಕಣ್ಣಲ್ಲಿ ನೀರು ಬಂತು. ಹತ್ತು ಮುಗಿಯುವಾಗ ನೋವು ಮುಕ್ಕಾಲು ಪಾಲು ಇಳಿದಿತ್ತು.

ಆದರೆ ಅದು ಉಳಿದದ್ದು ಎರಡೂವರೆ ತಿಂಗಳು. ಮುಂದಿನ ಸುಲಿತದಲ್ಲಿ ಮತ್ತೆ ಐದು ಸಲ, ಮಳೆಗಾಲದಲ್ಲಿ ಮೂರು, ಈ ಸಲದ ಕೊಯ್ಲಿಗೆ ನಾಲ್ಕು.

ಮಗ ಇದರ ಬಗ್ಗೆ ತುಂಬ ಓದಿದ. ಭಾರತ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ. 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳ ಮೇಲೆ ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ಗುಣ ಕಂಡಿತ್ತು. ಬೇರೆ ಜಾಗಕ್ಕೆ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲೂ 44. ಮಾಮೂಲಿ ಚಿಕಿತ್ಸೆಯವರಲ್ಲಿ 27. ಡಾಕ್ಟರಮ್ಮನನ್ನು ಇದನ್ನೇ ಕೇಳಿದೆ. ಮುಚ್ಚಿಡಲಿಲ್ಲ. "ಹೌದು, ಜಾಗಕ್ಕಿಂತ ಚುಚ್ಚುವುದು, ಮಲಗಿಸುವುದು, ಗಮನ ಕೊಡುವುದು ಎಲ್ಲ ಸೇರಿ ಕೆಲಸ ಮಾಡುತ್ತಿರಬಹುದು. ಸವೆದ ಡಿಸ್ಕ್ ಇದರಿಂದ ಬೆಳೆಯುವುದಿಲ್ಲ" ಅಂದರು. ನನಗೆ ಅವರ ಮೇಲೆ ನಂಬಿಕೆ ಕೂತದ್ದೇ ಆ ಮಾತಿಗೆ.

ಅವರು ಹೇಳಿಕೊಟ್ಟ ವ್ಯಾಯಾಮ ಬಿಟ್ಟ ತಿಂಗಳು ನೋವು ಬೇಗ ಮರಳಿದೆ, ಇದು ಎರಡು ಸಲ ಆಗಿದೆ. ಈಗ ಅರ್ಧ ಡಬ್ಬ ಸುಲಿದಾಗೊಮ್ಮೆ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕುತ್ತೇನೆ. ಅತ್ತೆಯೇ ನೆನಪು ಮಾಡುತ್ತಾರೆ.

ಒಂದು ಸಲಕ್ಕೆ 450 ರೂಪಾಯಿ, ಜೊತೆಗೆ ಬಸ್ ಚಾರ್ಜು, ಇಡೀ ಒಂದು ದಿನ. ವಾಪಸ್ ಬರುವಾಗ ಹಿಂದಿನ ಸೀಟು ಸಿಕ್ಕಿದರೆ ಮಂಡಗದ್ದೆ ಮುಟ್ಟುವಷ್ಟರಲ್ಲಿ ಆರಾಮವೆಲ್ಲ ಕುಲುಕಿ ಹೋಗುತ್ತದೆ. ಮುಂದಿನ ಸೀಟಿಗೆ ಇನ್ನೊಂದು ಬಸ್ ಕಾದರೂ ಪರವಾಗಿಲ್ಲ. ಸೂಜಿ ತೆಗೆದ ಜಾಗದಲ್ಲಿ ಎರಡು ಸಲ ನೀಲಿ ಕಟ್ಟಿತ್ತು, ವಾರದಲ್ಲಿ ಹೋಯಿತು.

ಮಂಗಳವಾರ 23ನೆಯದು. ಈ ಸಲ ಮಂಡಿ ನೋವಿನ ಅತ್ತಿಗೆಯೂ ಬರುತ್ತಾರೆ. ಅವರು ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಆ ಚೀಟಿ ತರದಿದ್ದರೆ ಸೂಜಿ ಮುಟ್ಟುವುದಿಲ್ಲ ಅಂತ ಡಾಕ್ಟರಮ್ಮ ಫೋನಿನಲ್ಲೇ ಹೇಳಿದ್ದಾರೆ.