ಊಟಿಗೆ ಟಿಟಿ ಬುಕ್ ಮಾಡೋ ಮುಂಚೆ ಡ್ರೈವರ್ ಯಾರು ಅಂತ ಕೇಳಿ

ತುಮಕೂರು ಕಡೆಯಿಂದ ಊಟಿ, ಕೂನೂರು ಅಂತ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೊರಡುವವರು ದಯವಿಟ್ಟು ಇದನ್ನು ಓದಿ. ಬುಕ್ ಮಾಡುವಾಗ ಕಿಲೋಮೀಟರ್‌ಗೆ ಎಷ್ಟು, ಎಸಿ ಇದೆಯಾ, ಪುಷ್‌ಬ್ಯಾಕ್ ಸೀಟಾ ಅಂತೆಲ್ಲ ವಿಚಾರಿಸುತ್ತಾರೆ. ಡ್ರೈವರ್‌ಗೆ ಘಾಟ್ ಇಳಿಸೋಕೆ ಬರುತ್ತಾ ಅನ್ನೋದು ಅದಕ್ಕಿಂತ ಮುಖ್ಯ.

ಹೋಗುವಾಗ ನಮಗೆ ಏನೂ ತೊಂದರೆ ಆಗಲಿಲ್ಲ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕಲ್ವಾ, ಅದನ್ನು ಏಜೆಂಟೇ ಮಾಡಿಸಿದ್ದ. ಕೂನೂರಿನ ಟೀ ತೋಟಗಳ ನಡುವಿನ ರಸ್ತೆ ಎಷ್ಟು ನೋಡಿದರೂ ಸಾಲದು.

ವಾಪಸ್ ಬರೋ ದಿನ ಡ್ರೈವರ್ ಬೆಳಿಗ್ಗೆಯಿಂದ ಅಂಗಡಿ ಅಂಗಡಿಗೆ ನಿಲ್ಲಿಸಿದ. ಟೀ ಫ್ಯಾಕ್ಟರಿ ಅಂತ ಕರೆದುಕೊಂಡು ಹೋದ ಕಡೆ ಒಂದು ಮಿಷನ್ ಕೂಡ ಇರಲಿಲ್ಲ. ಬರೀ ಟೀ ಪುಡಿ, ಚಾಕೊಲೇಟ್, ನೀಲಗಿರಿ ಎಣ್ಣೆ ಮಾರೋ ಕೌಂಟರ್. ಎಲ್ಲಾ ಕಮಿಷನ್ ವ್ಯವಹಾರ. ಊಟಿ ಬಿಡುವಾಗ ಸಂಜೆ ಆಗಿತ್ತು. ಮುದುಮಲೈ, ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯೋದು ಬೆಳಿಗ್ಗೆ 6ಕ್ಕೆ. ಗೇಟ್ ಸಿಗಲ್ಲ ಅನ್ನೋ ಅವಸರದಲ್ಲಿ ಅವನು ಓಡಿಸೋಕೆ ಶುರು ಮಾಡಿದ.

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಐವತ್ತು ಕಿಲೋಮೀಟರ್ ದೂರದ ಗೂಡಲೂರು ಹೆಚ್ಚು ಕಡಿಮೆ ಅದರ ಅರ್ಧ ಎತ್ತರದಲ್ಲಿದೆ. ನಡುವಟ್ಟಂ ದಾಟಿದ ಮೇಲೆ ಇಳಿಜಾರು ಜಾಸ್ತಿ. ನಮ್ಮ ದೇವರಾಯನದುರ್ಗ ಇಳಿಸಿದ ಅನುಭವ ಅಲ್ಲಿ ಸಾಕಾಗಲ್ಲ. ಇಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಇಳಿಯಿತು, ಗಾಡಿ ಮಾತ್ರ ಇನ್ನೂ ಜೋರಾಯಿತು. ನ್ಯೂಟ್ರಲ್‌ಗೆ ಹಾಕಿದ್ದ.

"ಅಣ್ಣಾ, ಗೇರಲ್ಲಿ ಇಳಿಸಿ" ಅಂದರು ನಮ್ಮ ಭಾವ.

"ಡೀಸೆಲ್ ಉಳಿಯುತ್ತೆ ಸಾರ್, ದಿನಾ ಓಡಿಸ್ತೀವಿ. ಏನೂ ಆಗಲ್ಲ."

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಆಮೇಲೆ ಅವನ ಕಾಲು ಪೆಡಲನ್ನು ಮತ್ತೆ ಮತ್ತೆ ತುಳಿಯೋದು ಕಾಣಿಸಿತು. ಪೆಡಲ್ ತಳದವರೆಗೂ ಹೋಗುತ್ತಿತ್ತು, ಗಾಡಿ ನಿಲ್ಲುತ್ತಿರಲಿಲ್ಲ. ಹೇಗೋ ಗೇರ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದ. ಅತ್ತೆಯ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಇನ್ನೊಂದು ಕಡೆ ಪ್ರಪಾತ ಇತ್ತು. ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತೆ.

ಹೊಗೆ ಬರುತ್ತಿದ್ದ ಚಕ್ರಕ್ಕೆ ನೀರು ಸುರಿಯೋಕೆ ಹೋದ. ಹಿಂದೆ ಬಂದ ಲಾರಿ ಡ್ರೈವರ್ ಒಬ್ಬರು ಬಾಟಲಿ ಕಿತ್ತುಕೊಂಡರು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ತಾನಾಗೇ ಆರಲಿ ಅಂದರು. ನ್ಯೂಟ್ರಲ್‌ನಲ್ಲಿ ಇಂಜಿನ್ ಗಾಡಿಯನ್ನು ಹಿಡಿಯಲ್ಲ, ಪೂರ್ತಿ ಭಾರ ಬ್ರೇಕ್ ಮೇಲೇ. ಅದು ಕಾದು ಕಾದು ಒಳಗಿನ ಬ್ರೇಕ್ ಆಯಿಲ್ ಕುದಿಯುತ್ತೆ, ಆಮೇಲೆ ತುಳಿದರೂ ಹಿಡಿಯಲ್ಲ. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು ಅಂತ ನಮ್ಮ ಡ್ರೈವರ್‌ಗೆ ಬೈದು ಹೋದರು ಆ ಪುಣ್ಯಾತ್ಮ.

ಗೇಟ್ ತಪ್ಪಿತು, ರಾತ್ರಿ ಗೂಡಲೂರಿನ ಲಾಡ್ಜಲ್ಲಿ ಉಳಿದೆವು. ತುಮಕೂರಿಗೆ ಬಂದ ಮೇಲೆ ಏಜೆಂಟ್‌ಗೆ ಹೇಳಿದರೆ, "ಯಾರಿಗೂ ಏನೂ ಆಗಿಲ್ವಲ್ಲ ಮೇಡಂ" ಅಂದ. ಅದೇ ಡ್ರೈವರನ್ನು ಮತ್ತೆ ಘಾಟ್ ಟ್ರಿಪ್‌ಗೇ ಕಳಿಸಿದ್ದಾನೆ ಅಂತ ಆಮೇಲೆ ಗೊತ್ತಾಯಿತು.

ಅಡ್ವಾನ್ಸ್ ಕೊಡೋ ಮುಂಚೆ ಡ್ರೈವರ್ ಜೊತೆ ನೇರವಾಗಿ ಮಾತಾಡಿ. ಅಂಗಡಿಗೆ ನಿಲ್ಲಿಸಬಾರದು, ಮಧ್ಯಾಹ್ನ ಊಟ ಮುಗಿಸಿ ಊಟಿ ಬಿಡಬೇಕು ಅಂತ ಮೊದಲೇ ಹೇಳಿ. ಇಳಿಯುವಾಗ ಸುಟ್ಟ ವಾಸನೆ ಬಂದರೆ ಅವನು ಏನೇ ಹೇಳಲಿ, ಗಾಡಿ ನಿಲ್ಲಿಸಿ ಎಲ್ಲರೂ ಕೆಳಗಿಳಿಯಿರಿ.